ಹೋಗುವಾಗಿನ ಎದುರೋ, ಬರುವಾಗಿನ ಎದುರೋ?

ಇಂಗ್ಲಿಷಿನ ‘ಆಪೋಸಿಟ್’ ನಮ್ಮಲ್ಲಿಗೆ ಗುಣವಾಚಕವಾಗಿ ಬಂದು ವಿಳಾಸವಾಗಿ ನೆಲೆಯೂರಿದೆ. ಲಗ್ನಪತ್ರಿಕೆ, ಅಂಗಡಿಯ ಫಲಕ, ರಸೀದಿ ಪುಸ್ತಕ ಎಲ್ಲದರಲ್ಲೂ ಅದಿದೆ, ಕೆಲವೆಡೆ ‘ಎದುರು’ ಎಂದು ಕನ್ನಡ ಉಟ್ಟುಕೊಂಡು. ಎದುರು ಎಂದು ಬರೆದರೆ ಎದುರೇ ಇರಬೇಕೆಂದೇನಿಲ್ಲ. ಒಂದು ಫರ್ಲಾಂಗಿನೊಳಗೆ ಇದ್ದರೆ ಸಾಕು, ಯಾರೂ ಆಕ್ಷೇಪಿಸುವುದಿಲ್ಲ.

ನನಗೆ ತಮಾಷೆಯಾಗಿ ಕಾಣುವುದು ಅದರ ಏಕಪಕ್ಷೀಯತೆ. ಲಾಡ್ಜು ‘ಬಸ್ ನಿಲ್ದಾಣದ ಎದುರು’ ಎಂದು ಬರೆಸುತ್ತದೆ. ನ್ಯಾಯವಾಗಿ ನೋಡಿದರೆ ಬಸ್ ನಿಲ್ದಾಣವೂ ಲಾಡ್ಜಿನ ಎದುರಿಗೇ ಇದೆ. ಆದರೆ ಹಾಗೆಂದು ಹೇಳಿಕೊಂಡ ನಿಲ್ದಾಣವನ್ನು ನಾನಂತೂ ಕಂಡಿಲ್ಲ. ಜೆರಾಕ್ಸ್ ಅಂಗಡಿ ತಾಲ್ಲೂಕು ಕಚೇರಿಯ ಎದುರಿಗೆ, ಔಷಧದ ಅಂಗಡಿ ಆಸ್ಪತ್ರೆಯ ಎದುರಿಗೆ, ಹೂವಿನವಳು ದೇವಸ್ಥಾನದ ಎದುರಿಗೆ. ಎದುರಿಗಿರುವುದೆಲ್ಲ ಸಣ್ಣವರ ಕೆಲಸ. ದೊಡ್ಡವರು ಸುಮ್ಮನೆ ಇರುತ್ತಾರೆ.

ದೊಡ್ಡವರೇ ತಿರುಗಿ ನಿಂತದ್ದಕ್ಕೆ ಉಡುಪಿಯಲ್ಲಿ ಒಂದು ಉದಾಹರಣೆಯಿದೆ. ಒಳಗೆ ಪ್ರವೇಶ ಸಿಗದೆ ಹೊರಗೆ ನಿಂತ ಕನಕದಾಸರಿಗಾಗಿ ಗೋಡೆ ಬಿರಿಯಿತು, ಕೃಷ್ಣ ಅವರ ಕಡೆಗೆ ಮುಖ ಮಾಡಿದ ಎಂಬುದು ಐತಿಹ್ಯ. ವಿಗ್ರಹ ಇಂದಿಗೂ ಪಶ್ಚಿಮಾಭಿಮುಖ. ಯಾರ ಎದುರಿಗೆ ಯಾರು ಎಂಬ ಪ್ರಶ್ನೆಯನ್ನು ದೇವರೇ ಎದ್ದು ತೀರ್ಮಾನಿಸಿದ ಪ್ರಕರಣ ಅದು. ಪುರಸಭೆಗಳಿಂದ ಅಷ್ಟನ್ನು ನಿರೀಕ್ಷಿಸಲಾಗದು.

ಎದುರುಮನೆಯ ಮಾತೇ ಬೇರೆ. ಪಕ್ಕದ ಮನೆಯವರು ನಮ್ಮನ್ನು ಕೇಳಿಸಿಕೊಳ್ಳುತ್ತಾರೆ, ಎದುರುಮನೆಯವರು ನೋಡುತ್ತಾರೆ. ಕುಕ್ಕರಿನ ಸೀಟಿ ಎಷ್ಟಾಯಿತೆಂಬುದು ಪಕ್ಕದವರಿಗೆ ಗೊತ್ತು. ಊಟಕ್ಕೆ ಬಂದವರು ಯಾರೆಂಬುದು ಎದುರಿನವರಿಗೆ. ಇಬ್ಬರೂ ಸಂಜೆ ತರಕಾರಿ ಗಾಡಿಯ ಬಳಿ ಸೇರಿದರೆ ನಮ್ಮ ಮನೆಯ ಚರಿತ್ರೆ ಪೂರ್ಣವಾಗುತ್ತದೆ.

ಈ ಪದಕ್ಕೆ ನಿಜವಾದ ಕುತ್ತು ಬಂದದ್ದು ರಸ್ತೆ ಅಗಲವಾದಾಗ. ‘ಎದುರು’ ಎನ್ನುವುದು ನಡೆಯುವವರ ಮಾತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ದಾಟಿಬಿಟ್ಟರೆ ಮುಗಿಯಿತು ಎಂಬ ಭರವಸೆ ಅದರೊಳಗಿದೆ. ಬೆಂಗಳೂರಿನ ತುಮಕೂರು ರಸ್ತೆಗೆ ಬನ್ನಿ. ಸರ್ವಿಸ್ ರಸ್ತೆ, ತಡೆಗೋಡೆ, ಮೇಲ್ಸೇತುವೆ, ಸಾಲದ್ದಕ್ಕೆ 2014ರಲ್ಲಿ ಓಡಾಟ ಶುರುಮಾಡಿದ ಮೆಟ್ರೊ. ಎದುರಿನ ಅಂಗಡಿಯ ಫಲಕ ಕನ್ನಡಕವಿಲ್ಲದೆ ಓದಬಹುದು, ಆದರೆ ಆಟೊದಲ್ಲಿ ಕುಳಿತವರು ಅಲ್ಲಿಗೆ ಮುಟ್ಟಲು ಮೊದಲು ಅದಕ್ಕೆ ಬೆನ್ನು ಹಾಕಿ ಯೂ ಟರ್ನ್ ಹುಡುಕಿಕೊಂಡು ಹೋಗಬೇಕು. ಜಾಣರು ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಆ ಕಡೆ ಇಳಿಯುತ್ತಾರೆ, ರೈಲು ಹತ್ತುವುದೇ ಇಲ್ಲ.

ಎದುರಿಗಿದ್ದುದೇ ಮಾಯವಾಗುವುದೂ ಉಂಟು. ಮೆಜೆಸ್ಟಿಕ್ ಚಿತ್ರಮಂದಿರ ನೆಲಸಮವಾಗಿ ಕಾಲವಾಯಿತು. ಬಸ್ಸುಗಳು ಇನ್ನೂ ಮೆಜೆಸ್ಟಿಕ್‌ಗೇ ಹೋಗುತ್ತಿವೆ. ಮೈಲಿಗಳನ್ನು ಸರ್ಕಾರ ಎಂದೋ ಕೈಬಿಟ್ಟಿತು. ತುಮಕೂರು ರಸ್ತೆಯಲ್ಲಿ ಎಂಟನೇ ಮೈಲಿ ಗಟ್ಟಿಯಾಗಿ ಕೂತಿದೆ.

ಅಂಚೆ ಇಲಾಖೆ ಸುಮ್ಮನೆ ಕೂತಿಲ್ಲ. 1972ರ ಆಗಸ್ಟ್ 15ರಂದು ಆರು ಅಂಕಿಯ ಪಿನ್ ಕೋಡ್ ತಂದಿತು. 2025ರಲ್ಲಿ ಡಿಜಿಪಿನ್ ಬಂತು: ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಹೆಚ್ಚಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಸಂಕೇತ. ನಮ್ಮ ಅಡುಗೆಮನೆಗೆ ಒಂದು, ಪಡಸಾಲೆಗೆ ಇನ್ನೊಂದು ಬಂದರೂ ಬರಬಹುದು. ಅದನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರನ್ನು ಇನ್ನೂ ನೋಡಬೇಕಾಗಿದೆ.

ವ್ಯಾಪಾರಿಗಳು ಬೇರೆಯದೇ ದಾರಿ ಕಂಡುಕೊಂಡರು. ಮೆಟ್ರೊ ಕಂಬಗಳ ಮೇಲೆ ಎಂಜಿನಿಯರುಗಳ ಲೆಕ್ಕಕ್ಕೆಂದು ಬರೆದ ಸಂಖ್ಯೆಗಳನ್ನು ಎತ್ತಿಕೊಂಡು ‘ಇಂಥ ಪಿಲ್ಲರ್ ಎದುರು’ ಎಂದು ಬರೆಸತೊಡಗಿದರು. ಕಂಬ ಇರುವುದು ನಡುರಸ್ತೆಯಲ್ಲಿ. ಅದಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಈ ಕಡೆಯ ಮಂಚದ ಅಂಗಡಿಯೂ ಆ ಕಡೆಯ ಟೈಲ್ಸ್ ಅಂಗಡಿಯೂ ಒಂದೇ ಕಂಬದ ಎದುರಿಗಿವೆ. ಪಾರ್ಸೆಲ್ ತರುವ ಹುಡುಗರು ಇದನ್ನು ಬೇಗ ಅರ್ಥಮಾಡಿಕೊಂಡಿದ್ದಾರೆ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: “ಹೋಗುವಾಗಿನ ಎದುರೋ ಸಾರ್, ಬರುವಾಗಿನ ಎದುರೋ?”