ಒಂದು ಗುಂಡು, ಮೂವತ್ತೇಳು ದಿನ

ಮೊದಲ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು ಎಂಬ ಪ್ರಶ್ನೆಗೆ ಶಾಲೆಯಲ್ಲಿ ನಾವೆಲ್ಲ ಒಂದೇ ಉತ್ತರ ಬರೆದವರು: ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನೆಂಡನ ಕೊಲೆ. ಆ ಉತ್ತರ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಸರಾಯೆವೊ ಪಟ್ಟಣದಲ್ಲಿ 19 ವರ್ಷದ ಗಾವ್ರಿಲೊ ಪ್ರಿನ್ಸಿಪ್ ಗುಂಡು ಹಾರಿಸಿದ್ದು 1914ರ ಜೂನ್ 28ರಂದು. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ್ದು ಆಗಸ್ಟ್ 4ರ ರಾತ್ರಿ. ನಡುವೆ 37 ದಿನಗಳಿದ್ದವು. ಆ ದಿನಗಳಲ್ಲಿ ಯಾರು ಏನು ಮಾಡಿದರು ಎಂಬುದನ್ನು ಬಿಟ್ಟು ಗುಂಡಿನ ಕಥೆಯನ್ನಷ್ಟೇ ಕಲಿಸಿದರೆ, ಹೊಣೆಯೆಲ್ಲ ಒಬ್ಬ ಹುಡುಗನ ತಲೆಗೆ ಕಟ್ಟಿ, ಕುರ್ಚಿಗಳಲ್ಲಿ ಕುಳಿತಿದ್ದವರನ್ನು ಬಿಡುಗಡೆ ಮಾಡಿದಂತಾಗುತ್ತದೆ.

ಆ 37 ದಿನಗಳಲ್ಲಿ ಮೊದಲ ಮೂರೂವರೆ ವಾರ ರಾಜತಾಂತ್ರಿಕರ ಕೈಯಲ್ಲಿತ್ತು. ಮಾತುಕತೆಗೆ ಅದು ಧಾರಾಳವಾದ ಸಮಯ. ಆದರೆ ಕೊಲೆಯ ಹಿಂದೆ ನೆರೆಯ ಸರ್ಬಿಯಾದ ಕೈವಾಡವಿದೆ ಎನ್ನುತ್ತಿದ್ದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಆ ಸಮಯವನ್ನು ಮಾತಿಗೆ ಬಳಸದೆ, ಸರ್ಬಿಯಾದ ಮೇಲೆ ಯುದ್ಧ ಹೂಡುವ ತನ್ನ ಉದ್ದೇಶವನ್ನು ಮುಚ್ಚಿಡಲು ಬಳಸಿತು. ಜುಲೈ 5ರಂದು ಜರ್ಮನಿಯ ಕೈಸರ್ ವಿಲ್ಹೆಲ್ಮ್, ನೀವು ಏನೇ ಮಾಡಿದರೂ ನಾವು ನಿಮ್ಮ ಬೆನ್ನಿಗಿದ್ದೇವೆ ಎಂಬ ಭರವಸೆಯನ್ನು ಆಸ್ಟ್ರಿಯಾಕ್ಕೆ ಕೊಟ್ಟ. ಇತಿಹಾಸಕಾರರು ಇದನ್ನು ಖಾಲಿ ಚೆಕ್ ಎನ್ನುತ್ತಾರೆ. ಮರುದಿನವೇ ಆತ ನಾರ್ವೆಯ ಕಡಲಿನಲ್ಲಿ ವಿಹಾರಕ್ಕೆ ಹೊರಟುಹೋದ. ಇತ್ತ ಆಸ್ಟ್ರಿಯಾದ ಸೈನಿಕರಲ್ಲಿ ಅನೇಕರು ಸುಗ್ಗಿಯ ರಜೆಯ ಮೇಲೆ ಊರುಗಳಲ್ಲಿದ್ದರು. ಅವರನ್ನು ಮಧ್ಯದಲ್ಲಿ ಕರೆಸಿಕೊಂಡರೆ ಬೆಳೆ ಹೊಲದಲ್ಲೇ ಉಳಿಯುತ್ತದೆ, ಗುಟ್ಟೂ ರಟ್ಟಾಗುತ್ತದೆ. ಹಾಗಾಗಿ ಕಾದರು. ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ಆಗ ರಷ್ಯಾಕ್ಕೆ ಭೇಟಿ ನೀಡಿದ್ದ. ಮಿತ್ರರಿಬ್ಬರೂ ಕೂತು ಸಮಾಲೋಚಿಸುವ ಅವಕಾಶ ಸಿಗಬಾರದೆಂದು ಆತ ಪೀಟರ್ಸ್‌ಬರ್ಗಿನಿಂದ ಹೊರಡುವ ಹೊತ್ತನ್ನು ಲೆಕ್ಕಹಾಕಿ, ಜುಲೈ 23ರ ಸಂಜೆ 6 ಗಂಟೆಗೆ ಸರ್ಬಿಯಾದ ಕೈಗೆ ಅಂತಿಮ ಎಚ್ಚರಿಕೆಯ ಪತ್ರವನ್ನಿಟ್ಟರು. ಬೇಡಿಕೆಗಳು ಹತ್ತು, ಗಡುವು 48 ಗಂಟೆ.

ಜುಲೈ 25ರ ಸಂಜೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ನಡೆದುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಡುವು ಮುಗಿಯಲು ಕೆಲವೇ ನಿಮಿಷಗಳಿರುವಾಗ ಸರ್ಬಿಯಾದ ಪ್ರಧಾನಿ ಪಾಶಿಚ್, ಗಡಿಬಿಡಿಯಲ್ಲಿ ತಿದ್ದಿ ತೀಡಿದ ಉತ್ತರವನ್ನು ಹಿಡಿದು ತಾನೇ ಆಸ್ಟ್ರಿಯಾದ ರಾಯಭಾರಿ ಕಚೇರಿಗೆ ಬಂದ. ಬಹುತೇಕ ಬೇಡಿಕೆಗಳನ್ನು ಒಂದಲ್ಲ ಒಂದು ರೀತಿಯಲ್ಲಿ ಒಪ್ಪಲಾಗಿತ್ತು. ಕೊಲೆಯ ನ್ಯಾಯಾಂಗ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಸರ್ಬಿಯಾದ ನೆಲದಲ್ಲೇ ಭಾಗವಹಿಸಬೇಕೆಂಬ ಒಂದನ್ನು ಮಾತ್ರ ಅವರು ಖಂಡಿತವಾಗಿ ನಿರಾಕರಿಸಿದ್ದರು. ರಾಯಭಾರಿ ಗೀಸ್ಲ್ ಅದರ ಮೇಲೆ ಕಣ್ಣಾಡಿಸಿದ, ಸಂಬಂಧ ಕಡಿದುಕೊಂಡಿದ್ದೇವೆಂಬ ಪತ್ರಕ್ಕೆ ಸಹಿ ಹಾಕಿದ, ಆರೂವರೆಯ ರೈಲು ಹತ್ತಿದ. ಅಷ್ಟು ಹೊತ್ತಿಗಾಗಲೇ ಅವನ ಗಂಟುಮೂಟೆ ಸಿದ್ಧವಾಗಿತ್ತು. ಉತ್ತರವನ್ನು ಓದುವ ಮೊದಲೇ ಪ್ರಯಾಣಕ್ಕೆ ಸಿದ್ಧನಾಗಿ ಕುಳಿತವನ ಕೈಗೆ ಕೊಟ್ಟ ಉತ್ತರ ಎಂಥದ್ದಾಗಿದ್ದರೇನು?

ಇದೇ ಉತ್ತರವನ್ನು ವಿಹಾರದಿಂದ ಮರಳಿದ ಕೈಸರ್ ಜುಲೈ 28ರ ಬೆಳಿಗ್ಗೆ ಓದಿ, ಇನ್ನು ಯುದ್ಧಕ್ಕೆ ಯಾವ ಕಾರಣವೂ ಉಳಿದಿಲ್ಲ ಎಂದು ಅದರ ಮೇಲೆಯೇ ಬರೆದಿಟ್ಟ. ಆಸ್ಟ್ರಿಯಾ ಬೆಲ್‌ಗ್ರೇಡನ್ನು ಮಾತ್ರ ಹಿಡಿದು ಅಲ್ಲಿಗೇ ನಿಲ್ಲಲಿ ಎಂಬ ಸಲಹೆಯೂ ಅವನದೇ. ಆದರೆ ಅವನ ಪ್ರಧಾನಿ ಬೆತ್‌ಮಾನ್ ಹೋಲ್ವೆಗ್ ಆ ಮಾತನ್ನು ವಿಯೆನ್ನಾಕ್ಕೆ ತಡವಾಗಿ, ಅದರ ಮೊನೆ ಮುರಿದು ಕಳಿಸಿದ. ಅದೇ ದಿನ ಆಸ್ಟ್ರಿಯಾ ಒಂದು ತಂತಿಯ ಮೂಲಕ ಸರ್ಬಿಯಾದ ಮೇಲೆ ಯುದ್ಧ ಸಾರಿತು.

ಇಲ್ಲಿಂದ ಮುಂದೆ ಲಗಾಮು ಸೇನಾ ಮುಖ್ಯಸ್ಥರ ಕೈಗೆ ಹೋಯಿತು. ಸರ್ಬಿಯಾದ ಬೆಂಬಲಕ್ಕೆ ನಿಂತಿದ್ದ ರಷ್ಯಾದ ಚಕ್ರವರ್ತಿ ನಿಕೋಲಾಸ್ ಮತ್ತು ಕೈಸರ್ ಬಂಧುಗಳು; ‘ನಿಕ್ಕಿ’, ‘ವಿಲ್ಲಿ’ ಎಂದು ಸಹಿ ಹಾಕಿ ಇಂಗ್ಲಿಷಿನಲ್ಲಿ ತಂತಿ ಕಳಿಸಿಕೊಳ್ಳುತ್ತಿದ್ದರು. ಜುಲೈ 29ರ ರಾತ್ರಿ ಅಂಥ ಒಂದು ತಂತಿಯನ್ನು ಓದಿದ ನಿಕೋಲಾಸ್, ತಾನೇ ಒಪ್ಪಿದ್ದ ಪೂರ್ಣ ಸೇನಾ ಜಮಾವಣೆಯ ಆಜ್ಞೆಯನ್ನು ತಡೆಹಿಡಿದ. ಮರುದಿನ ಅವನ ಸೇನಾಧಿಕಾರಿಗಳೂ ವಿದೇಶಾಂಗ ಸಚಿವ ಸಜೊನೊವ್‌ನೂ ಮನವೊಲಿಸಿ ಅದನ್ನು ಮತ್ತೆ ಹೊರಡಿಸಿದರು. ಆಸ್ಟ್ರಿಯಾದ ಗಡಿಗಷ್ಟೇ ಸೈನ್ಯ ಕಳಿಸಿದರೆ ಮುಂದೆ ಇಡೀ ಜಮಾವಣೆಯ ಯೋಜನೆಯೇ ಕೆಡುತ್ತದೆ ಎಂಬುದು ಅವರ ವಾದ. ಆ ಆಜ್ಞೆ ಜರ್ಮನಿಗೆ ಸಾವು ಬದುಕಿನ ಪ್ರಶ್ನೆಯಾಯಿತು. ಏಕೆಂದರೆ ಜರ್ಮನಿಯ ಯೋಜನೆಯಂತೆ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಸೋಲಿಸಿ, ರಷ್ಯಾದ ಸೈನ್ಯ ಕೂಡಿಕೊಳ್ಳುವುದರೊಳಗೆ ಪೂರ್ವಕ್ಕೆ ತಿರುಗಬೇಕಿತ್ತು. ಬಾಲ್ಕನ್ನಿನ ಜಗಳಕ್ಕೆ ಜರ್ಮನಿಯ ಉತ್ತರ ಬೆಲ್ಜಿಯಂ ಮೂಲಕ ಫ್ರಾನ್ಸಿನ ಮೇಲೆ ದಾಳಿ! ಬೇರೊಂದು ಯೋಜನೆ ಕಪಾಟಿನಲ್ಲಿರಲೇ ಇಲ್ಲ.

ಆಗಸ್ಟ್ 1ರ ಸಂಜೆ ಬರ್ಲಿನ್ನಿನ ಅರಮನೆಗೆ ಲಂಡನ್ನಿನಿಂದ ಒಂದು ತಂತಿ ಬಂತು. ಬ್ರಿಟನ್ ಫ್ರಾನ್ಸನ್ನು ತಟಸ್ಥವಾಗಿ ಉಳಿಸಬಹುದೆಂಬ ಅರ್ಥ ಅದರಲ್ಲಿತ್ತು. (ಅದು ತಪ್ಪು ತಿಳಿವಳಿಕೆ ಎಂಬುದು ಆಮೇಲೆ ಗೊತ್ತಾಯಿತು.) ಕೈಸರ್ ಹಿಗ್ಗಿ, ಹಾಗಿದ್ದರೆ ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸೋಣ ಎಂದ. ಸೇನಾ ಮುಖ್ಯಸ್ಥ ಮೋಲ್ಟ್ಕೆ, ಅದು ಆಗದ ಮಾತು, ಲಕ್ಷಾಂತರ ಜನರ ಜಮಾವಣೆಯನ್ನು ನಿಂತ ನಿಲುವಿನಲ್ಲಿ ಬದಲಿಸಲಾಗದು ಎಂದ. ನಿನ್ನ ದೊಡ್ಡಪ್ಪನಾಗಿದ್ದರೆ (ಆತನೂ ಹಿಂದೆ ಹೆಸರಾಂತ ಸೇನಾ ಮುಖ್ಯಸ್ಥ) ಬೇರೆ ಉತ್ತರ ಕೊಡುತ್ತಿದ್ದ ಎಂದು ಕೈಸರ್ ಚುಚ್ಚಿದ. ಮೋಲ್ಟ್ಕೆ ಮನೆಗೆ ಹೋಗಿ ಅತ್ತನಂತೆ. ಆ ರಾತ್ರಿಯೇ ತಂತಿಯ ನಿಜ ತಿಳಿದು, ನಿನಗೆ ಬೇಕಾದಂತೆ ಮಾಡು ಎಂದು ಕೈಸರ್ ಅವನಿಗೆ ಅನುಮತಿ ಕೊಟ್ಟ. ಒಂದು ಸಾಮ್ರಾಜ್ಯದ ಒಡೆಯನಿಗೆ ತನ್ನದೇ ರೈಲುಗಳ ದಿಕ್ಕು ಬದಲಿಸಲಾಗದು ಎಂದು ಅವನ ಸೇನಾನಿಯೇ ಹೇಳಿದ ಆ ಗಳಿಗೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಶಾಂತಿಯ ಕಾಲದಲ್ಲಿ ವರ್ಷಗಟ್ಟಲೆ ಕೂತು ಬರೆದ ರೈಲು ವೇಳಾಪಟ್ಟಿಯಲ್ಲಿ ರಾಯಭಾರಿಗೆಂದು ಒಂದು ಗಂಟೆಯನ್ನೂ ಬಿಟ್ಟಿರಲಿಲ್ಲ.

ಹೆಚ್ಚಿನ ಹೊಣೆ ವಿಯೆನ್ನಾ ಮತ್ತು ಬರ್ಲಿನ್ನಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ರಷ್ಯಾ ಅವಸರಪಟ್ಟಿತು ಎಂಬುದನ್ನೂ, ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ತನ್ನ ಸಂಪುಟದ ಒಡಕಿನಿಂದಾಗಿ ದೇಶದ ನಿಲುವನ್ನು ಬಹಳ ತಡವಾಗಿ ಸ್ಪಷ್ಟಪಡಿಸಿದ ಎಂಬುದನ್ನೂ ನಾನು ಮರೆಯುವುದಿಲ್ಲ. ಆದರೆ ಯುದ್ಧ ಅನಿವಾರ್ಯವಾಗಿತ್ತು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಜುಲೈ 28ರಂದು ಕೈಸರ್‌ಗೆ, 29ರಂದು ನಿಕೋಲಾಸ್‌ಗೆ, ಆಗಸ್ಟ್ 1ರಂದು ಮತ್ತೆ ಕೈಸರ್‌ಗೆ ನಿಲ್ಲಿಸಬೇಕೆನಿಸಿತ್ತು. ನಿಲ್ಲಿಸುವ ದಾರಿಯನ್ನು ಯಾರೂ ಉಳಿಸಿಟ್ಟಿರಲಿಲ್ಲ, ಅಷ್ಟೆ. ಅಂದು ಸೈನ್ಯ ಗಡಿ ಮುಟ್ಟಲು ದಿನಗಳು, ವಾರಗಳು ಬೇಕಿದ್ದವು. ಇಂದಿನ ಕ್ಷಿಪಣಿಗೆ ಖಂಡ ದಾಟಲು ಅರ್ಧ ಗಂಟೆ ಸಾಕು, ನೆರೆಯ ದೇಶ ಮುಟ್ಟಲು ಕೆಲವೇ ನಿಮಿಷ. ನಡುರಾತ್ರಿಯಲ್ಲಿ ಎತ್ತಿಕೊಳ್ಳಬಹುದಾದ ನೇರ ದೂರವಾಣಿ, ಬಾಗಿಲು ಮುಚ್ಚದ ರಾಯಭಾರಿ ಕಚೇರಿ, ಶತ್ರುವಿಗೂ ಮುಖ ಉಳಿಸಿಕೊಂಡು ಹಿಂದೆ ಸರಿಯಲು ಬಿಡುವ ಸಣ್ಣ ಸಂದಿ, ಇವುಗಳಿಗಾಗಿ ದುಡಿಯುವವರನ್ನು ಹೇಡಿಗಳೆಂದು ಜರೆಯುವವರ ಜೊತೆ ನನಗೆ ಜಗಳವಿದೆ.

ಆಗಸ್ಟ್ 4ರ ರಾತ್ರಿ ಬ್ರಿಟನ್ ಯುದ್ಧಕ್ಕಿಳಿದಾಗ ಭಾರತವೂ ಇಳಿದಂತಾಯಿತು. ನಮ್ಮವರನ್ನು ಯಾರೂ ಕೇಳಲಿಲ್ಲ. ಮುಂದಿನ ನಾಲ್ಕು ವರ್ಷಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿದರು. 70 ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಮೈಸೂರು ಸಂಸ್ಥಾನದ ಅಶ್ವದಳ, ಮೈಸೂರು ಲ್ಯಾನ್ಸರ್ಸ್, ಈಜಿಪ್ತಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಪಟ್ಟಣದತ್ತ ನುಗ್ಗುವಾಗ, ನಮ್ಮ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಹೈಫಾದ ಹೆಸರನ್ನೇ ಕೇಳಿರದ ಊರುಗಳಿಂದ ಹೊರಟವರು ಅವರು. ಬೆಲ್‌ಗ್ರೇಡಿನಲ್ಲಿ ಆರೂವರೆಯ ರೈಲು ಹೊರಟ ಆ ಸಂಜೆ ಅವರ ಕುದುರೆಗಳು ಇಲ್ಲಿ, ತಮ್ಮ ಲಾಯಗಳಲ್ಲಿ, ಮೇವು ತಿನ್ನುತ್ತಿದ್ದವು.