ಸ್ಪೇನಿನ ಆಳ್ವಿಕೆ ಆಂಡಿಸ್ ಜನರ ಧರ್ಮವನ್ನು ಅಳಿಸಿತೇ?

ಪರ: ಅಳಿಸಿತು

ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನಲ್ಲಿ ಧರ್ಮ ನೆಲೆಸಿದ್ದು ಬಂಡೆ, ಬುಗ್ಗೆ, ಹಿರಿಯರ ದೇಹ ಮತ್ತು ಗಂಟು ಹಾಕಿದ ದಾರಗಳಲ್ಲಿ. ಅವನ್ನು ಕಿತ್ತುಕೊಂಡವರು ಧರ್ಮವನ್ನೇ ಕಿತ್ತುಕೊಂಡರು. ಸ್ಪೇನಿನವರಿಗೆ ಮುಂಚೆ ಇಲ್ಲಿ ಆಳುತ್ತಿದ್ದ ಇಂಕಾ ಅರಸ ತೀರಿಕೊಂಡರೂ ಅವನ ಹೊಲ ಅವನದೇ. ಕೆಡದಂತೆ ಒಣಗಿಸಿಟ್ಟ ದೇಹಕ್ಕೆ ವಂಶದವರು ಬಟ್ಟೆ ಉಡಿಸಿ, ಮೆಕ್ಕೆಜೋಳದ ಚಿಚಾ ಹೆಂಡ ಎರೆದು, ಆ ಹೊಲದ ಬೆಳೆಯಲ್ಲೇ ಬಾಳುತ್ತಿದ್ದರು. 1559ರಲ್ಲಿ ಪೋಲೋ ದೆ ಒಂಡೆಗಾರ್ಡೊ ಎಂಬ ಸ್ಪೇನಿನ ಅಧಿಕಾರಿ ಇಂಕಾ ರಾಜಧಾನಿಯಾಗಿದ್ದ ಕುಸ್ಕೋ ಸುತ್ತಮುತ್ತ ಆ ದೇಹಗಳನ್ನು ಹುಡುಕಿ ವಶಪಡಿಸಿಕೊಂಡ. ಕೆಲವು ಸ್ಪೇನಿನ ಆಡಳಿತದ ರಾಜಧಾನಿ ಲಿಮಾಕ್ಕೆ ಹೋದವು. ಉಣಿಸಬೇಕಾದ ಹಿರಿಯನೇ ಇಲ್ಲದ ಮೇಲೆ ಪೂಜೆ ಎಲ್ಲಿ?

1570ರ ದಶಕದಲ್ಲಿ ವೈಸ್‌ರಾಯ್ ತೊಲೆದೊ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಚರ್ಚಿನ ಸುತ್ತ ಕಟ್ಟಿದ ಹೊಸ ಊರುಗಳಿಗೆ ಎಬ್ಬಿಸಿ ತಂದ. ದೇವಬಂಡೆಗಳು ಹಿಂದೆ ಉಳಿದವು. ಪೊಟೊಸಿಯ ಬೆಳ್ಳಿ ಗಣಿಗೆ ಸರದಿಯ ಮೇಲೆ ಏಳರಲ್ಲಿ ಒಬ್ಬ ದುಡಿಯುವ ಗಂಡಸು ಹೋಗಬೇಕಾಯಿತು. ಬಿತ್ತನೆಯ ಹಬ್ಬಕ್ಕೆ ಕೈಗಳೇ ಕಡಿಮೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಕಿಪು, ಅಂದರೆ ಲೆಕ್ಕವನ್ನೂ ವಿಷಯವನ್ನೂ ಗಂಟುಗಳಲ್ಲಿ ಹಿಡಿದಿಡುವ ದಾರಗಳ ಗೊಂಚಲು. ಒಂದು ದಪ್ಪ ತಾಯಿದಾರ, ಅದರಿಂದ ಇಳಿಬಿದ್ದ ಬಣ್ಣದ ದಾರಗಳು. 243 ಬರೆಯಬೇಕಾದರೆ ಮೇಲೆ ಎರಡು ಬಿಡಿಗಂಟು, ನಡುವೆ ನಾಲ್ಕು, ಕೆಳಗೆ ಮೂರು ಸುತ್ತಿನ ಒಂದು ಉದ್ದಗಂಟು. ಸೊನ್ನೆ ಇರುವ ಕಡೆ ಖಾಲಿ ಜಾಗ. ಇಷ್ಟನ್ನು ಇಂದು ಓದಬಹುದು. ಆದರೆ ಹರಕೆ, ವಿಧಿ, ವಂಶಾವಳಿಗಳಿದ್ದ ದಾರಗಳನ್ನು ಓದಬಲ್ಲವರಿಲ್ಲ. ಪೂಜಾವಿಧಿಗಳ ಕಿಪುಗಳನ್ನು ನಾಶಮಾಡಿ ಎಂದು 1583ರಲ್ಲಿ ಲಿಮಾದ ಮೂರನೇ ಧರ್ಮಸಭೆ ಆಜ್ಞಾಪಿಸಿತು. ಓದುವವರ ಪರಂಪರೆ ಒಮ್ಮೆ ಕಡಿದರೆ, ದಾರ ಉಳಿದರೂ ಮಾತು ಉಳಿಯದು. ಮೆರವಣಿಗೆಯಲ್ಲಿ ಗರಿ ತೊಟ್ಟು ಕುಣಿದರೆ ಧರ್ಮ ಉಳಿಯಿತು ಎನ್ನುವವರು ಈ ದಾರಗಳನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ವಿರೋಧ: ಅಳಿಸಲಿಲ್ಲ

ಹಿಂಸೆ ನಡೆದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎದುರು ಪಕ್ಷದ ವಾದದಲ್ಲಿ ಆಂಡಿಸ್ ಜನ ಬರೀ ಕಳೆದುಕೊಂಡವರು, ಏನನ್ನೂ ಮಾಡದವರು.

ಭೂತಾಯಿ ಪಾಚಮಾಮಾಳಿಗೆ ಆಗಸ್ಟ್ ತಿಂಗಳಲ್ಲಿ ಇಂದಿಗೂ ಎಡೆ ಇಡುತ್ತಾರೆ. ಕಾಗದ ಹಾಸಿ, ಹರಿಯದ ಕೋಕಾ ಎಲೆಗಳನ್ನು ಮೂರು ಮೂರಾಗಿ ಜೋಡಿಸಿ, ಲಾಮಾದ ಕೊಬ್ಬು, ಕಾಳು, ಸಿಹಿ ಇಟ್ಟು, ಕಟ್ಟಿ, ಸುಡುತ್ತಾರೆ ಇಲ್ಲವೇ ಹೂಳುತ್ತಾರೆ. ಹರಿದ, ತೂತಾದ ಎಲೆ ಎಡೆಗೆ ಸಲ್ಲದು. ಈ ಕಟ್ಟುನಿಟ್ಟು ಯಾವ ಪಾದ್ರಿ ಕಲಿಸಿದ್ದೂ ಅಲ್ಲ. ಕುಸ್ಕೋ ಬಳಿಯ ಕೊಯ್ಯುರ್ ರಿತಿ ಜಾತ್ರೆಯಲ್ಲಿ ಕ್ರಿಸ್ತನ ಚಿತ್ರವಿರುವ ಬಂಡೆಗೂ ಹಿಮದ ಬೆಟ್ಟಕ್ಕೂ ಜನ ಒಟ್ಟಿಗೇ ನಡೆದುಕೊಳ್ಳುತ್ತಾರೆ. 2011ರಲ್ಲಿ ಯುನೆಸ್ಕೋ ಅದನ್ನು ತನ್ನ ಪಟ್ಟಿಗೆ ಸೇರಿಸಿತು.

ಚರ್ಚು ಕೂಡ ಜನರ ಭಾಷೆಗೆ ಮಣಿಯಬೇಕಾಯಿತು. 1584ರಲ್ಲಿ ಲಿಮಾದಲ್ಲಿ ಅಚ್ಚಾದ ಧರ್ಮೋಪದೇಶದ ಪುಸ್ತಕ ಸ್ಪ್ಯಾನಿಷ್ ಜೊತೆಗೆ ಕೆಚುವಾ, ಐಮಾರಾಗಳಲ್ಲೂ ಇತ್ತು.

ಕಿಪುವಿನ ಬಗ್ಗೆ ಹೇಳುವುದಾದರೆ, ಅದು ಮುಖ್ಯವಾಗಿ ಲೆಕ್ಕದ ಸಾಧನ, ಅದೊಂದನ್ನೇ ಧರ್ಮವೆನ್ನಲಾಗದು. ಪೆರುವಿನ ರಪಾಜ್ ಊರಿನಲ್ಲಂತೂ ಹಳೆಯ ಕಿಪುಗಳನ್ನು ಇಟ್ಟ ಮನೆಯಲ್ಲೇ ಮಳೆಗಾಗಿ ಬೆಟ್ಟಗಳನ್ನು ಬೇಡುವ ವಿಧಿ ಈ ಕಾಲಕ್ಕೂ ಬಂದಿದೆ.