ಸೋಪೊಂದು ಬಿಟ್ಟು ಎಲ್ಲವೂ ಇತ್ತು

ಆಸ್ಪತ್ರೆಯೊಳಗೆ ಸೋಂಕು ಹೆಚ್ಚಿದೆ ಎಂದ ಕೂಡಲೇ ಆಡಳಿತದವರಿಗೆ ಹೊಳೆಯುವ ಮದ್ದು ಒಂದೇ: ತರಬೇತಿ. ವಾರ್ಡಿನಲ್ಲಿ ಸೋಪಿಲ್ಲವೇ? ತರಬೇತಿ ಕೊಡಿ. ಒಂದೇ ಮಂಚದಲ್ಲಿ ಇಬ್ಬರು ರೋಗಿಗಳೇ? ತರಬೇತಿ ಕೊಡಿ. ನಲ್ಲಿ ಕೆಟ್ಟು ತಿಂಗಳಾಯಿತೇ? ಅದನ್ನು ರಿಪೇರಿ ಮಾಡಿಸಲು ಕಡತ ನಾಲ್ಕಾರು ಮೇಜು ದಾಟಬೇಕು. ತರಬೇತಿಗೆ ಒಂದು ಸುತ್ತೋಲೆ ಸಾಕು.

ಶಿಬಿರದ ಗತ್ತನ್ನು ನೋಡಿಯೇ ತಣಿಯಬೇಕು. ವೇದಿಕೆಯ ಹಿಂದೆ ಫ್ಲೆಕ್ಸು, ಅದರ ತುಂಬ ನೊರೆ ಮೆತ್ತಿದ ಎರಡು ಕೈ. ಸಂಪನ್ಮೂಲ ವ್ಯಕ್ತಿಗಳು ಕೈ ತೊಳೆಯುವ ಹಂತಗಳನ್ನು ಗಾಳಿಯಲ್ಲಿ ತೋರಿಸುತ್ತಾರೆ: ಅಂಗೈಗೆ ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ. ಸಭೆಯೂ ಗಾಳಿಯಲ್ಲೇ ತೊಳೆದುಕೊಳ್ಳುತ್ತದೆ. ಸೋಪು ನೀರಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30. ಬರೀ ಗಾಳಿಯಾದರೆ ಎಷ್ಟು ಹೊತ್ತು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ನಿಗದಿ ಮಾಡಿಲ್ಲ. ಹಿಂದಿನ ಸಾಲಿನಿಂದ ನರ್ಸೊಬ್ಬರು ಎದ್ದು, "ಸಾರ್, ನಮ್ಮ ವಾರ್ಡಲ್ಲಿ ಸ್ಯಾನಿಟೈಸರ್ ಖಾಲಿಯಾಗಿ..." ಎನ್ನುವಷ್ಟರಲ್ಲಿ, "ಒಳ್ಳೇ ಪ್ರಶ್ನೆ ಸಿಸ್ಟರ್, ಕೊನೇಲಿ ತಗೊಳ್ಳೋಣ." ಕೊನೆಯಲ್ಲಿ ಇರುವುದು ಗ್ರೂಪ್ ಫೋಟೋ.

ಬೆಳಿಗ್ಗೆ ಕೊಟ್ಟ ಪ್ರಶ್ನೆಪತ್ರಿಕೆಯನ್ನೇ ಸಂಜೆಯೂ ಕೊಡುತ್ತಾರೆ. ಎಲ್ಲರ ಅಂಕವೂ ಏರುತ್ತದೆ. ಬ್ಯಾಕ್ಟೀರಿಯಾಗಳಿಗೆ ಮಾತ್ರ ಈ ಫಲಿತಾಂಶವನ್ನು ಯಾರೂ ತಿಳಿಸಿರುವುದಿಲ್ಲ.

ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಸೂಜಿ ಡಬ್ಬ ಮುಕ್ಕಾಲು ತುಂಬಿದೊಡನೆ ಮುಚ್ಚಿಬಿಡಿ ಎಂಬ ಪಾಠವೂ ಆಗುತ್ತದೆ. ಪಾಠ ಸರಿಯೇ. ಆದರೆ ತುಂಬಿದ ಡಬ್ಬವನ್ನೂ ರಕ್ತ ಮೆತ್ತಿದ ಹತ್ತಿಯ ಚೀಲವನ್ನೂ ಹೊರುವವರು ಆ ಹೊತ್ತಿಗೆ ಬಾಗಿಲಾಚೆ ನಿಂತಿರುತ್ತಾರೆ. ಅವರನ್ನು ಕರೆಸಿದ್ದು ಕುರ್ಚಿ ಜೋಡಿಸಲು.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸೋಂಕು ತಡೆಗೆ 8 ಮೂಲ ಅಂಶಗಳನ್ನು ಹೇಳಿತು. ತರಬೇತಿ ಅದರಲ್ಲಿ ಒಂದು. ಸಾಕಷ್ಟು ಸಿಬ್ಬಂದಿ, ಒಂದು ಮಂಚಕ್ಕೆ ಒಬ್ಬರೇ ರೋಗಿ, ಮಂಚಗಳ ನಡುವೆ ಕನಿಷ್ಠ 1 ಮೀಟರ್ ಅಂತರ, ರೋಗಿಯ ಪಕ್ಕದಲ್ಲೇ ಕೈ ಶುಚಿಗೊಳಿಸುವ ವ್ಯವಸ್ಥೆ, ಇವೂ ಅದೇ ಪಟ್ಟಿಯಲ್ಲಿವೆ. ಇವಕ್ಕೆಲ್ಲ ದುಡ್ಡು ಬೇಕು, ಜಾಗ ಬೇಕು, ನೇಮಕಾತಿ ಬೇಕು. ತರಬೇತಿಗಾದರೆ ಪೆನ್ನು ಡ್ರೈವು ಸಾಕು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರಿದ 100 ಜನರಲ್ಲಿ ಸುಮಾರು 15 ಮಂದಿಗೆ ಅಲ್ಲೇ ಒಂದು ಸೋಂಕಾದರೂ ಅಂಟುತ್ತದೆ ಎಂದು ಇದೇ ಸಂಸ್ಥೆ ಹೇಳುತ್ತದೆ. ಈ ಅಂಕಿ ಪ್ರತಿ ಶಿಬಿರದ ಎರಡನೆಯ ಸ್ಲೈಡಿನಲ್ಲಿ ತಪ್ಪದೆ ಹಾಜರಿರುತ್ತದೆ.

ಹಂಗೇರಿಯ ವೈದ್ಯ ಸೆಮ್ಮೆಲ್‌ವೈಸ್‌ಗೆ ಈ ಜಾಣತನ ಇರಲಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಿಭಾಗದಲ್ಲಿ, ಶವ ಕೊಯ್ದು ನೇರ ಹೆರಿಗೆ ಮಾಡಿಸಲು ಬರುತ್ತಿದ್ದ ವೈದ್ಯರ ಮುಂದೆ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿಟ್ಟು, ಕೈ ತೊಳೆದೇ ಒಳಗೆ ಬನ್ನಿ ಅಂದ. ಬಾಣಂತಿಯರ ಸಾವು ಇಳಿಯಿತು, ಸಹೋದ್ಯೋಗಿಗಳ ಸಿಟ್ಟು ಏರಿತು. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ನೀರಿಡುವ ಬದಲು ಕಾರ್ಯಾಗಾರ ಏರ್ಪಡಿಸಿದ್ದರೆ ಶಾಲು ಹೊದಿಸಿ ಕಳಿಸುತ್ತಿದ್ದರು.

ಶಿಬಿರದ ನಂತರ ತಪಾಸಣೆ. ಹಾಳೆ ಹಿಡಿದ ಅಧಿಕಾರಿ ವಾರ್ಡಿಗೆ ಬಂದ ದಿನ ಎಲ್ಲಿಂದಲೋ ಹೊಸ ಸೋಪು ಪ್ರತ್ಯಕ್ಷ, ಎಲ್ಲರ ಕೈಯೂ ಒದ್ದೆ. ಅವರು ಲಿಫ್ಟ್ ಹತ್ತುವಷ್ಟರಲ್ಲಿ ಸೋಪು ಸ್ಟೋರ್ ರೂಮಿಗೆ ವಾಪಸ್, ಬೀಗ, ಸಹಿ. ಮುಂದಿನ ತಿಂಗಳು ಸೋಂಕು ಮತ್ತೆ ಏರಿದಾಗ ವರದಿಯ ಕಾರಣದ ಕಾಲಮ್ಮಿನಲ್ಲಿ ಒಂದೇ ಸಾಲು: ಸಿಬ್ಬಂದಿಯಲ್ಲಿ ಅರಿವಿನ ಕೊರತೆ. ಹಾಲ್ ಬುಕ್ ಆಗಿದೆ.